ಅಡ್ಡಗಾಳಿಯಲ್ಲಿ ಬೈಕು: ಆಷಾಢದ ಹೆದ್ದಾರಿಯಲ್ಲಿ ಸುರಕ್ಷಿತವಾಗಿ ಸಾಗುವ ಬಗೆ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಆಷಾಢದ ಒಂದು ಮಧ್ಯಾಹ್ನ ಬೈಕು ಓಡಿಸಿದವರಿಗೆ ಗಾಳಿಯ ಬಲವನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ. ಎಡಬಲದ ಗುಡ್ಡಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವೆ. ಅವುಗಳನ್ನು ಅಲ್ಲಿ ಯಾರೂ ಸುಮ್ಮನೆ ನೆಟ್ಟಿಲ್ಲ. ಈ ದಾರಿಯಲ್ಲಿ ನಾನು ಹಲವು ವರ್ಷಗಳಿಂದ ಓಡಾಡುತ್ತಿದ್ದೇನೆ, ಹೆಚ್ಚಿನ ಸಲ 112 ಕೆಜಿ ತೂಕದ ಸ್ಪ್ಲೆಂಡರ್‌ ಮೇಲೆ. ಆರಂಭದ ದಿನಗಳಲ್ಲಿ ಗಾಳಿ ಜೋರಾದಷ್ಟೂ ಅಪಾಯ ಹೆಚ್ಚು ಎಂದಷ್ಟೇ ತಿಳಿದಿದ್ದೆ. ಅದು ತಪ್ಪಲ್ಲ, ಆದರೆ ಅರ್ಧ ಮಾತು. ಒಂದೇ ಸಮನೆ, ಒಂದೇ ದಿಕ್ಕಿನಿಂದ ಬೀಸುವ ಗಾಳಿಗೆ ಕೈಯೂ ಮೈಯೂ ಐದು ನಿಮಿಷದಲ್ಲಿ ಒಗ್ಗಿಕೊಳ್ಳುತ್ತವೆ. ಸವಾರನನ್ನು ಕೆಡವುವುದು ಹೆಚ್ಚಾಗಿ ಗಾಳಿಯಲ್ಲಾಗುವ ಬದಲಾವಣೆ: ಇಲ್ಲದ ಗಾಳಿ ದಿಢೀರನೆ ಬಂದು ಹೊಡೆಯುವುದು, ಅಥವಾ ಇದ್ದ ಗಾಳಿ ದಿಢೀರನೆ ಮಾಯವಾಗುವುದು. ಆದ್ದರಿಂದ ಗಾಳಿ ಎಲ್ಲಿ ಬದಲಾಗಬಹುದು ಎಂಬುದನ್ನು ಮೊದಲೇ ಗುರುತಿಸುವ ಅಭ್ಯಾಸವೇ ಈ ವಿದ್ಯೆಯ ಬಹುಪಾಲು.

ಯಾವಾಗ ಹೊರಡಬೇಕು

ನಮ್ಮ ಕಡೆ ಸವಾರರನ್ನು ಕಾಡುವ ಗಾಳಿಗಳು ಮುಖ್ಯವಾಗಿ ಎರಡು. ಮೊದಲನೆಯದು ಜೂನ್‌ನಿಂದ ಆಗಸ್ಟ್‌ವರೆಗೆ ಬೀಸುವ ಮುಂಗಾರಿನ ಗಾಳಿ, ಅಂದರೆ ಜನ ಆಷಾಢದ ಗಾಳಿ ಎಂದು ಕರೆಯುವಂಥದ್ದು. ಅರಬ್ಬೀ ಸಮುದ್ರದ ಮೇಲಿನಿಂದ ಬರುವ ಈ ಪ್ರವಾಹ ನೆಲಮಟ್ಟದಿಂದ ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ಅತ್ಯಂತ ವೇಗವಾಗಿ ಹರಿಯುತ್ತದೆ. ಮಲೆನಾಡಿನಲ್ಲಿ ಮಳೆ ಸುರಿಸಿದ ಮೇಲೆ ಬಯಲುಸೀಮೆಗೆ ಅದು ಒಣಗಾಳಿಯಾಗಿ, ಪಶ್ಚಿಮ ಇಲ್ಲವೇ ನೈಋತ್ಯ ದಿಕ್ಕಿನಿಂದ, ದಿನಗಟ್ಟಲೆ ಬೀಸುತ್ತದೆ. ಎರಡನೆಯದು ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಅಶ್ವಿನಿ, ಭರಣಿ, ಕೃತ್ತಿಕಾ ಮಳೆಗಳ ಜೊತೆಗೆ ಬರುವ ಗುಡುಗುಸಿಡಿಲಿನ ಬಿರುಗಾಳಿ. ಮೊದಲನೆಯದು ಹೇಳಿ ಬರುವ ನೆಂಟ. ಎರಡನೆಯದು ಹತ್ತೇ ನಿಮಿಷದಲ್ಲಿ ಮನೆ ಬಾಗಿಲು ಮುರಿಯುವ ಅತಿಥಿ. ಎರಡಕ್ಕೂ ಒಂದೇ ಉಪಾಯ ನಡೆಯುವುದಿಲ್ಲ.

ಆಷಾಢದ ಗಾಳಿಗೆ ಸುಲಭವಾದ ಮದ್ದು ಬೆಳಗಿನ ಜಾವ. ರಾತ್ರಿ ತಣ್ಣಗಾದ ನೆಲದ ಹತ್ತಿರ ಗಾಳಿ ಸಾಮಾನ್ಯವಾಗಿ ಮಂದವಾಗಿರುತ್ತದೆ. ಬಿಸಿಲೇರಿ ನೆಲ ಕಾದ ಹಾಗೆ ಕೆಳಗಿನ ಗಾಳಿ ಮೇಲೇರಿ, ಮೇಲಿನ ವೇಗದ ಗಾಳಿ ಕೆಳಗಿಳಿದು, ಎರಡೂ ಬೆರೆಯತೊಡಗುತ್ತವೆ. ಹೀಗಾಗಿ ಬೆಳಿಗ್ಗೆ ಹತ್ತು ಗಂಟೆಯ ನಂತರ ಗಾಳಿಯ ಹೊಡೆತ ಹೆಚ್ಚುತ್ತಾ ಹೋಗಿ ನಡುಮಧ್ಯಾಹ್ನದಿಂದ ಸಂಜೆ ನಾಲ್ಕೈದರವರೆಗೆ ತಾರಕಕ್ಕೇರುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಹೊರಡುವವರು ಬೆಳಿಗ್ಗೆ ಐದೂವರೆಗೆ ಬೈಕು ಹತ್ತಿದರೆ ಗಾಳಿಯ ಸೀಮೆಯನ್ನು ಅದು ಎಚ್ಚರಗೊಳ್ಳುವ ಮೊದಲೇ ದಾಟಿಬಿಡಬಹುದು. ಬೇಸಿಗೆಯ ಬಿರುಗಾಳಿಯ ವಿಷಯದಲ್ಲೂ ಬೆಳಗಿನ ಹೊತ್ತೇ ಒಳ್ಳೆಯದು, ಏಕೆಂದರೆ ಆ ಮೋಡಗಳು ಬಹುತೇಕ ಮಧ್ಯಾಹ್ನದ ನಂತರವೇ ಕಟ್ಟುತ್ತವೆ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನೂ, ಸಿಡಿಲಿನ ಮುನ್ನೆಚ್ಚರಿಕೆ ನೀಡುವ ದಾಮಿನಿ ಆ್ಯಪನ್ನೂ ನೋಡಿಕೊಳ್ಳುವುದಕ್ಕೆ ಎರಡು ನಿಮಿಷ ಸಾಕು.

ಮುನ್ಸೂಚನೆಯಲ್ಲಿ ಗಂಟೆಗೆ ಇಷ್ಟು ಕಿಲೋಮೀಟರ್ ವೇಗ ಎಂದು ಬರೆದಿರುತ್ತದೆಯೇ ಹೊರತು ಅದು ರಸ್ತೆಯಲ್ಲಿ ಹೇಗೆ ಕಾಣುತ್ತದೆ ಎಂದು ಬರೆದಿರುವುದಿಲ್ಲ. ಅದಕ್ಕೆ ಹಡಗಿನವರು ಬಳಸುತ್ತಿದ್ದ ಬ್ಯೂಫೋರ್ಟ್ ಮಾಪನ ಇಂದಿಗೂ ಉಪಯುಕ್ತ. ಎಲೆ ತುಂಬಿದ ಚಿಕ್ಕ ಮರಗಳು ತೂಗಾಡುತ್ತಿದ್ದರೆ ಗಾಳಿಯ ವೇಗ ಗಂಟೆಗೆ 29ರಿಂದ 38 ಕಿಲೋಮೀಟರ್. ದೊಡ್ಡ ಕೊಂಬೆಗಳು ಅಲ್ಲಾಡುತ್ತಾ, ತಂತಿಗಳು ಸಿಳ್ಳೆ ಹಾಕುತ್ತಾ, ಕೊಡೆ ಹಿಡಿಯುವುದು ಕಷ್ಟವಾದರೆ 39ರಿಂದ 49. ಇಡೀ ಮರವೇ ಬಾಗಿ ಬಾಗಿ ಏಳುತ್ತಿದ್ದು, ಎದುರುಗಾಳಿಗೆ ನಡೆಯುವುದೇ ತ್ರಾಸವೆನಿಸಿದರೆ 50ರಿಂದ 61. ರೆಂಬೆಗಳು ಮುರಿದು ಬೀಳುತ್ತಿದ್ದರೆ 62 ದಾಟಿದೆ ಎಂದರ್ಥ. ನನ್ನ ಲೆಕ್ಕ ಹೀಗಿದೆ: ತಂತಿ ಸಿಳ್ಳೆ ಹಾಕುವ ಹಂತದಲ್ಲಿ ಹೊಸ ಸವಾರರು ಹೆದ್ದಾರಿಗೆ ಇಳಿಯಬಾರದು, ಇಡೀ ಮರ ಬಾಗುವ ಹಂತದಲ್ಲಿ ಹಳಬರೂ ಪ್ರಯಾಣ ಮುಂದೂಡಬೇಕು, ರೆಂಬೆ ಮುರಿಯುವ ಹಂತದಲ್ಲಿ ಎರಡು ಚಕ್ರದ ಮೇಲೆ ಯಾರಿಗೂ ಕೆಲಸವಿಲ್ಲ. ನೆನಪಿಡಬೇಕಾದ ಇನ್ನೊಂದು ಸಂಗತಿಯೆಂದರೆ, ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಇಪ್ಪತ್ತರ ಗಾಳಿಯಲ್ಲಿ ಆರಾಮವಾಗಿ ಬಂದೆ ಎಂಬ ಅನುಭವ ನಲವತ್ತರ ಗಾಳಿಗೆ ಏನೇನೂ ಸಾಲದು.

ಬೈಕು, ಬಟ್ಟೆ, ಹೊರೆ

ಬೈಕಿನ ಕಡೆಯಿಂದ ನೋಡಬೇಕಾದದ್ದು ಹೆಚ್ಚಿಲ್ಲ. ಟಯರಿನ ಗಾಳಿ ಕಂಪನಿ ಹೇಳಿದಷ್ಟಿರಬೇಕು. ಕಡಿಮೆಯಿದ್ದರೆ ಅಡ್ಡಗಾಳಿಯಲ್ಲಿ ಹಿಂಬದಿ ತೇಲಿದಂತೆ ಭಾಸವಾಗುತ್ತದೆ. ಹ್ಯಾಂಡಲಿನ ಕೋನ್‌ ಸೆಟ್ ಸವೆದಿದ್ದರೆ ಅಥವಾ ಸ್ವಿಂಗ್ ಆರ್ಮಿನ ಬುಷ್ ಸಡಿಲಾಗಿದ್ದರೆ ಊರೊಳಗೆ ಗೊತ್ತಾಗದ ಅಲುಗಾಟ ಗಾಳಿಯಲ್ಲಿ ಎದ್ದು ಬರುತ್ತದೆ. ತೂಕದ ವಿಷಯದಲ್ಲಿ ಒಂದು ಭ್ರಮೆಯಿದೆ. ಬುಲೆಟ್ ಭಾರ, ಅದನ್ನು ಗಾಳಿ ಏನೂ ಮಾಡದು ಎನ್ನುತ್ತಾರೆ. 195 ಕೆಜಿಯ ಕ್ಲಾಸಿಕ್ 350, ಸ್ಪ್ಲೆಂಡರ್‌ಗಿಂತ ಕಡಿಮೆ ಅಲುಗುತ್ತದೆ ಎಂಬುದು ನಿಜ. ಆದರೆ ಅದರ ಇಕ್ಕೆಲಗಳಲ್ಲಿ ಉಬ್ಬಿದ ಬ್ಯಾಗುಗಳನ್ನು ನೇತುಹಾಕಿ, ಮುಂದೆ ದೊಡ್ಡ ವಿಂಡ್‌ಶೀಲ್ಡ್ ಸಿಕ್ಕಿಸಿ, ಹಿಂದೆ ಎತ್ತರದ ಪೆಟ್ಟಿಗೆ ಕೂರಿಸಿದರೆ, ತೂಕದಿಂದ ಸಿಕ್ಕ ಲಾಭವೆಲ್ಲ ಗಾಳಿಗೆ ಒಡ್ಡಿದ ಮೈಯ ವಿಸ್ತಾರದಲ್ಲಿ ಕಳೆದುಹೋಗುತ್ತದೆ. ಸ್ಕೂಟರುಗಳ ಚಿಕ್ಕ ಚಕ್ರಗಳು ಮತ್ತು ಅಗಲವಾದ ಮುಂಭಾಗ ಎರಡೂ ಗಾಳಿಗೆ ಅನುಕೂಲ. ಆ್ಯಕ್ಟಿವಾದಂಥ ಗಾಡಿಯಲ್ಲಿ ಇರುವವರು ಬೈಕಿನವರಿಗಿಂತ ಒಂದು ಹಂತ ಮುಂಚೆಯೇ ನಿಲ್ಲಬೇಕು.

ಮೈಮೇಲೆ ಪಟಪಟ ಬಡಿಯುವ ಯಾವುದೂ ಇರಬಾರದು. ಗುಂಡಿ ಹಾಕದ ಅಂಗಿ, ಸಡಿಲ ಜಾಕೆಟ್, ಅಂಚು ಬಿಚ್ಚಿಕೊಂಡ ರೇನ್‌ಕೋಟ್‌ ಇವೆಲ್ಲ ಹಾಯಿಪಟದ ಕೆಲಸ ಮಾಡುತ್ತವೆ. ತಲೆಯ ಮೇಲಿನಿಂದ ಹೊದೆಯುವ ಗೋಣಿಕೊಪ್ಪೆಯಂಥ ಮಳೆಯಂಗಿಗಿಂತ ಪ್ಯಾಂಟು ಮತ್ತು ಕೋಟು ಬೇರೆ ಬೇರೆಯಿರುವ ರೇನ್‌ಕೋಟೇ ಸರಿ. ಹೆಲ್ಮೆಟ್‌ನ ಪಟ್ಟಿ ಗದ್ದದ ಕೆಳಗೆ ಬಿಗಿಯಾಗಿರಬೇಕು. ಪಟ್ಟಿ ಹಾಕದೆ ಬರೀ ಪೊಲೀಸರಿಗಾಗಿ ತಲೆಯ ಮೇಲಿಟ್ಟ ಹೆಲ್ಮೆಟ್ ಎದುರುಗಾಳಿಗೆ ಹಿಂದಕ್ಕೆ ಜಾರಿ ಕುತ್ತಿಗೆಯನ್ನೇ ಎಳೆಯುತ್ತದೆ. ಮುಂದೆ ಚಾಚಿದ ಟೋಪಿಯಂಚು ಇರುವ ಹೆಲ್ಮೆಟ್‌ಗಳು ಚೆಂದ ಕಾಣುತ್ತವೆಯಾದರೂ ಗಾಳಿಯಲ್ಲಿ ತಲೆ ತಿರುಗಿಸಿದ ಕೂಡಲೇ ಎಳೆದಾಡುತ್ತವೆ. ತೆಗೆಯಲು ಬಂದರೆ ತೆಗೆದಿಡಿ. ಮುಖದ ಗಾಜು ಮುಚ್ಚಿಯೇ ಇರಲಿ, ಬಯಲುಸೀಮೆಯ ಗಾಳಿ ಬರಿಗೈಯಲ್ಲಿ ಬರುವುದಿಲ್ಲ, ಕೆಮ್ಮಣ್ಣು ಹೊತ್ತೇ ಬರುತ್ತದೆ. ಆಷಾಢ ಗಾಳಿಪಟದ ಕಾಲವೂ ಹೌದು. ನೈಲಾನ್ ಮಾಂಜಾ ದಾರವನ್ನು ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2017ರಲ್ಲೇ ನಿಷೇಧಿಸಿದ್ದರೂ ಊರಂಚಿನ ಬಡಾವಣೆಗಳಲ್ಲಿ, ಮೇಲ್ಸೇತುವೆಗಳ ಮೇಲೆ ಅದು ಇನ್ನೂ ಅಡ್ಡ ಸಿಗುತ್ತದೆ. ಕುತ್ತಿಗೆಗೆ ದಪ್ಪ ಬಟ್ಟೆಯೊಂದನ್ನು ಸುತ್ತಿ, ತುದಿಯನ್ನು ಜಾಕೆಟ್ಟಿನ ಒಳಗೆ ಸಿಕ್ಕಿಸಿಕೊಳ್ಳುವುದರಿಂದ ನಷ್ಟವೇನಿಲ್ಲ.

ಹಿಂದೆ ಕೂರುವವರಿಗೆ ಹೊರಡುವ ಮುನ್ನವೇ ಎರಡು ಮಾತು ಹೇಳಬೇಕು. ಸವಾರನಿಗೆ ಹತ್ತಿರ, ಬೆನ್ನಿಗೆ ಒತ್ತಿ ಕೂರಬೇಕು. ಬೈಕು ವಾಲಿದಾಗ ಹೆದರಿ ವಿರುದ್ಧ ದಿಕ್ಕಿಗೆ ವಾಲಬಾರದು. ಸೀರೆಯ ಸೆರಗು, ದುಪಟ್ಟಾ ಸೊಂಟಕ್ಕೆ ಬಿಗಿಯಾಗಿರಲಿ. ಗಾಳಿ ಇರುವ ದಿನ ಒಂದೇ ಬದಿಗೆ ಕಾಲಿಳಿಬಿಟ್ಟು ಕೂರುವುದಂತೂ ಬೇಡವೇ ಬೇಡ. ಇನ್ನು ಕೊಡೆ. ಹಿಂದೆ ಕುಳಿತವರು ಮಳೆ ಹನಿದ ಕೂಡಲೇ ಕೊಡೆ ಬಿಡಿಸುವ ದೃಶ್ಯ ನಮ್ಮ ಊರುಗಳಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಯಾರಿಗೂ ಅಪಾಯವೆಂದು ಅನ್ನಿಸುವುದೇ ಇಲ್ಲ. ಆದರೆ ಬಿಚ್ಚಿದ ಕೊಡೆಯನ್ನು ಗಾಳಿ ಹಿಡಿದು ಎಳೆದರೆ ಮೊದಲು ಹಿಂದಕ್ಕೆ ಬೀಳುವವರು ಅದನ್ನು ಹಿಡಿದವರೇ. ಹಾಗೆಯೇ ಪ್ಲೈವುಡ್ ಹಲಗೆ, ಹಾಸಿಗೆ, ಹುಲ್ಲಿನ ಹೊರೆ, ಖಾಲಿ ನೀರಿನ ಡ್ರಮ್ಮು: ಇಂಥ ಹಗುರ ಮತ್ತು ಅಗಲವಾದ ವಸ್ತುಗಳು ಭಾರದ ವಸ್ತುಗಳಿಗಿಂತ ಅಪಾಯಕಾರಿ. ದೂರಯಾನದ ಬೈಕುಗಳ ಹಿಂದೆ ಕಂಬಕ್ಕೆ ಕಟ್ಟಿದ ನಾಡಬಾವುಟವನ್ನು ಗಾಳಿಯ ಹೊತ್ತಿನಲ್ಲಿ ಮಡಚಿಟ್ಟುಕೊಂಡರೆ ಅಭಿಮಾನಕ್ಕೇನೂ ಕುಂದಿಲ್ಲ.

ಕೈ ಸಡಿಲ, ಮೊಣಕಾಲು ಬಿಗಿ

ಗಾಳಿಯ ಮೊದಲ ಹೊಡೆತಕ್ಕೆ ಬಹುತೇಕ ಸವಾರರು ಮಾಡುವುದು ಒಂದೇ: ಹ್ಯಾಂಡಲನ್ನು ಮುಷ್ಟಿ ಬಿಗಿದು ಹಿಡಿಯುತ್ತಾರೆ. ಹೆದರಿದಾಗ ಇದು ಸಹಜ, ಆದರೆ ಬೈಕಿನ ಮಟ್ಟಿಗೆ ತಿರುಗುಬಾಣ. ಗಾಳಿ ಮುಖ್ಯವಾಗಿ ತಳ್ಳುವುದು ಸವಾರನ ಎದೆ ಮತ್ತು ಭುಜಗಳನ್ನು. ತೋಳು ಕೋಲಿನಂತೆ ಸೆಟೆದುಕೊಂಡಿದ್ದರೆ ಭುಜಕ್ಕೆ ಬಿದ್ದ ಪ್ರತಿ ತಳ್ಳೂ ನೇರವಾಗಿ ಹ್ಯಾಂಡಲಿಗೆ ಇಳಿದು, ಗಾಳಿಯ ಬದಲು ನೀವೇ ಬೈಕನ್ನು ಅತ್ತಿತ್ತ ತಿರುಗಿಸತೊಡಗುತ್ತೀರಿ. ಮೊಣಕೈಗಳನ್ನು ಬಗ್ಗಿಸಿ, ಬೆರಳುಗಳನ್ನು ಹಗುರಾಗಿಟ್ಟು, ದೇಹವನ್ನು ಹಿಡಿದಿಡುವ ಕೆಲಸವನ್ನು ಪೆಟ್ರೋಲ್ ಟ್ಯಾಂಕನ್ನು ಅಪ್ಪಿದ ಮೊಣಕಾಲುಗಳಿಗೆ ವಹಿಸಿದರೆ ಈ ತೊಂದರೆ ಅರ್ಧಕ್ಕಿಳಿಯುತ್ತದೆ. ಜೊತೆಗೆ ಸೊಂಟದಿಂದ ಸ್ವಲ್ಪ ಮುಂದಕ್ಕೆ ಬಾಗಿದರೆ ಗಾಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ: ಗಾಳಿಯಲ್ಲಿ ಸಾಗುತ್ತಿರುವಾಗ ಮೊಣಕೈಗಳನ್ನು ಹಕ್ಕಿಯ ರೆಕ್ಕೆಯಂತೆ ಒಮ್ಮೆ ಅಲ್ಲಾಡಿಸಿ ನೋಡಿ. ಅಲ್ಲಾಡಿಸಲು ಆಗದಿದ್ದರೆ ನೀವು ಬಿಗಿಹಿಡಿದಿದ್ದೀರಿ ಎಂದರ್ಥ.

ಎಡದಿಂದ ಗಾಳಿ ಬೀಸುತ್ತಿದ್ದರೆ ಬೈಕು ಎಡಕ್ಕೆ ಸ್ವಲ್ಪ ವಾಲಿಕೊಂಡೇ ನೇರವಾಗಿ ಹೋಗಬೇಕು. ಹಾಗೆ ವಾಲಿಸಲು ಎಡಗಡೆಯ ಹಿಡಿಯನ್ನು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ಒತ್ತಬೇಕು. ಬಲದ ಗಾಳಿಗೆ ಬಲದ ಹಿಡಿ. ಕೌಂಟರ್ ಸ್ಟಿಯರಿಂಗ್ ಎಂದು ಕರೆಯುವ ಈ ಕ್ರಿಯೆ ಕೇಳಲು ವಿಚಿತ್ರವೆನಿಸಿದರೂ, ಬೈಕು ಓಡಿಸುವ ಪ್ರತಿಯೊಬ್ಬರೂ ತಮಗೆ ಅರಿವಿಲ್ಲದೆಯೇ ದಿನವೂ ಅದನ್ನು ಮಾಡುತ್ತಿರುತ್ತಾರೆ. ಅರಿವಿನಿಂದ ಮಾಡಲು ಕಲಿಯಬೇಕಾದರೆ ಗಾಳಿಯಿಲ್ಲದ ಒಂದು ಭಾನುವಾರ, ಖಾಲಿ ರಸ್ತೆಯಲ್ಲಿ, 40 ಕಿಲೋಮೀಟರ್ ವೇಗದಲ್ಲಿ ಒಂದೊಂದೇ ಹಿಡಿಯನ್ನು ನವಿರಾಗಿ ಒತ್ತಿ ಬೈಕು ಯಾವ ಕಡೆಗೆ ವಾಲುತ್ತದೆ ಎಂದು ನೋಡಿಕೊಳ್ಳಿ. ಒತ್ತಿದಷ್ಟೇ ಸಲೀಸಾಗಿ ಬಿಡಲೂ ಬರಬೇಕು ಎಂಬುದು ಇಲ್ಲಿನ ಗುಟ್ಟು, ಏಕೆಂದರೆ ಗಾಳಿ ನಿಂತ ಕ್ಷಣದಲ್ಲಿ ಒತ್ತಡವೂ ನಿಲ್ಲಬೇಕು. ಗಾಳಿ ಬರುವ ಕಡೆಯ ಮೊಣಕಾಲನ್ನು ಹೊರಕ್ಕೆ ಚಾಚಿದರೆ ಬೈಕು ತಾನಾಗಿ ಸಮತೋಲನಕ್ಕೆ ಬರುತ್ತದೆ ಎಂದು ಕೆಲವು ಹಳೆಯ ಸವಾರರು ಹೇಳುತ್ತಾರೆ. ನಾನೂ ಮಾಡಿ ನೋಡಿದ್ದೇನೆ. ಒಂದಿಷ್ಟು ಫಲ ಕೊಟ್ಟಿದೆ, ಆದರೆ ಟ್ಯಾಂಕಿನ ಹಿಡಿತ ಬಿಟ್ಟುಕೊಟ್ಟು ಅದನ್ನೇ ನೆಚ್ಚಿಕೊಳ್ಳುವ ಧೈರ್ಯ ನನಗಿಲ್ಲ.

ವೇಗದ ಬಗ್ಗೆ ಒಂದು ಚಿಕ್ಕ ಲೆಕ್ಕ. ಗಾಳಿ 40ರ ವೇಗದಲ್ಲಿ ನೇರ ಪಕ್ಕದಿಂದ ಬೀಸುತ್ತಿದ್ದು ನೀವು 80ರಲ್ಲಿ ಹೋಗುತ್ತಿದ್ದರೆ, ನಿಮ್ಮ ಮೈಗೆ ತಗಲುವ ಒಟ್ಟು ಗಾಳಿಯ ವೇಗ ಸುಮಾರು 89. ನೀವು 50ಕ್ಕೆ ಇಳಿದರೆ ಅದು 64ಕ್ಕೆ ಇಳಿಯುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಮಯ: 80ರಲ್ಲಿ ಬೈಕು ಒಂದು ಸೆಕೆಂಡಿಗೆ 22 ಮೀಟರ್ ದಾಟುತ್ತದೆ, 50ರಲ್ಲಿ 14 ಮೀಟರ್. ಗಾಳಿ ಹೊಡೆದು, ನಿಮಗೆ ಅರಿವಾಗಿ, ಕೈ ಸರಿಪಡಿಸುವಷ್ಟರಲ್ಲಿ ಬೈಕು ಎಷ್ಟು ಅಡ್ಡ ಸರಿದಿರುತ್ತದೆ ಎಂಬುದು ಇದರ ಮೇಲೆ ನಿಂತಿದೆ. ಹಾಗೆಂದು 25ಕ್ಕೆ ಇಳಿದು ತೆವಳುವುದೂ ಸಲ್ಲದು. ಅಷ್ಟು ನಿಧಾನದಲ್ಲಿ ಚಕ್ರಗಳು ಕೊಡುವ ಸ್ಥಿರತೆ ಕಡಿಮೆಯಾಗುತ್ತದೆ, ಹಿಂದಿನಿಂದ ಬರುವ ಲಾರಿಗೆ ನೀವು ನಿಂತಂತೆ ಕಾಣುತ್ತೀರಿ. ಹೆದ್ದಾರಿಯಲ್ಲಿ 50ರಿಂದ 60, ಒಂದು ಗೇರ್ ಕೆಳಗೆ, ಆಕ್ಸಿಲರೇಟರ್ ಸಮವಾಗಿ. ಆ ವೇಗದಲ್ಲೂ ಬೈಕು ನಿಲ್ಲದಿದ್ದರೆ ಅದು ಓಡಿಸುವ ಗಾಳಿಯಲ್ಲ.

ಲಾರಿಯ ಮರೆ

ಇಲ್ಲಿಯವರೆಗೆ ಹೇಳಿದ್ದೆಲ್ಲ ಖಾಲಿ ರಸ್ತೆಗೆ. ನಮ್ಮ ಹೆದ್ದಾರಿಗಳು ಖಾಲಿ ಇರುವುದಿಲ್ಲವಾದ್ದರಿಂದ ನಿಜವಾದ ಪಾಠ ಶುರುವಾಗುವುದು ಲಾರಿಯ ಪಕ್ಕದಲ್ಲಿ.

ಒಂದು ಜುಲೈ ಮಧ್ಯಾಹ್ನ ಹಿರಿಯೂರಿನಿಂದ ದುರ್ಗದ ಕಡೆಗೆ ಹೋಗುತ್ತಿದ್ದೆ. ಎಡದಿಂದ ಗಾಳಿ ಒಂದೇ ಸಮನೆ ಬೀಸುತ್ತಿತ್ತು, ಬೈಕು ಎಡಕ್ಕೆ ವಾಲಿಕೊಂಡೇ ಹೋಗುತ್ತಿತ್ತು. ಮುಂದೆ ಮೈತುಂಬ ಒಣಹುಲ್ಲು ಹೇರಿದ ಲಾರಿ. ಹುಲ್ಲಿನ ಎಸಳುಗಳು ಬಲಕ್ಕೆ ಹಾರಿ ಡಿವೈಡರಿನ ಕಣಗಿಲೆ ಗಿಡಗಳಿಗೆ ಸಿಕ್ಕಿಕೊಳ್ಳುತ್ತಿದ್ದವು. ಬಲಗಡೆಯಿಂದ ಹಿಂದೆ ಹಾಕಲು ಹೊರಟೆ. ಲಾರಿಯ ಹಿಂಚಕ್ರಕ್ಕೆ ಸಮನಾದ ಕೂಡಲೇ ಗಾಳಿ ಕತ್ತರಿಸಿದಂತೆ ನಿಂತಿತು. ಹೆಲ್ಮೆಟ್ಟಿನೊಳಗಿನ ಸದ್ದೂ ನಿಂತಿತು. ಗಾಳಿಗೆ ಎದುರಾಗಿ ಎಡಗೈ ಒತ್ತುತ್ತಲೇ ಇದ್ದುದರಿಂದ ಬೈಕು ಎಡಕ್ಕೆ, ಅಂದರೆ ಲಾರಿಯ ಚಕ್ರದ ಕಡೆಗೆ, ಎರಡಡಿಯಷ್ಟು ಸರಿಯಿತು. ಹೌಹಾರಿ ಬಲಕ್ಕೆ ತಂದೆ. ಅಷ್ಟರಲ್ಲಿ ಲಾರಿಯ ಮೂತಿ ದಾಟಿದ್ದೆ. ತಡೆಹಿಡಿದಿದ್ದ ಗಾಳಿ ಒಟ್ಟಿಗೇ ಬಂದು ಹೊಡೆದು ಬೈಕನ್ನು ಡಿವೈಡರಿನ ಅಂಚಿನವರೆಗೆ ತಳ್ಳಿತು. ಇದೆಲ್ಲ ನಡೆದದ್ದು ಮೂರ್ನಾಲ್ಕು ಸೆಕೆಂಡಿನಲ್ಲಿ. ಲಾರಿಯವನದು ತಪ್ಪೇನೂ ಇರಲಿಲ್ಲ. ಗಾಳಿಮರೆಯೊಂದು ಮುಂದೆ ಇದೆ ಎಂದು ಹುಲ್ಲಿನ ಎಸಳುಗಳೇ ತೋರಿಸುತ್ತಿದ್ದರೂ ನಾನು ಓದಿಕೊಳ್ಳಲಿಲ್ಲ, ಅಷ್ಟೆ.

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಈ ಹೆದ್ದಾರಿ ವಾಯವ್ಯಕ್ಕೆ ಸಾಗುವುದರಿಂದ ಮುಂಗಾರಿನ ಗಾಳಿ ಹೋಗುವಾಗ ಎಡಕ್ಕೆ, ಬರುವಾಗ ಬಲಕ್ಕೆ ಬೀಳುತ್ತದೆ. ಹೋಗುವಾಗ ಲಾರಿಯನ್ನು ದಾಟುವವರಿಗೆ ಮೇಲೆ ಹೇಳಿದ ಎರಡು ಪೆಟ್ಟುಗಳ ಅನುಭವವಾಗುತ್ತದೆ: ಮೊದಲು ಒಳಕ್ಕೆ, ನಂತರ ಹೊರಕ್ಕೆ. ಬರುವಾಗಿನ ಕಥೆ ಬೇರೆ. ಆಗ ನೀವು ಲಾರಿಯ ಗಾಳಿಬದಿಯಲ್ಲೇ ಇರುತ್ತೀರಿ, ಮರೆಯೇನೂ ಸಿಗುವುದಿಲ್ಲ, ಗಾಳಿ ನಿಮ್ಮನ್ನು ಉದ್ದಕ್ಕೂ ಲಾರಿಯ ಕಡೆಗೇ ತಳ್ಳುತ್ತಿರುತ್ತದೆ. ಎರಡರಲ್ಲೂ ಮಾಡಬೇಕಾದದ್ದು ಹೆಚ್ಚು ಕಡಿಮೆ ಒಂದೇ. ದಾಟಲೇಬೇಕಾದ ಲಾರಿಯನ್ನಷ್ಟೇ ದಾಟಿ. ದಾಟುವಾಗ ಅದಕ್ಕೂ ನಿಮಗೂ ನಡುವೆ ಒಂದು ಬೈಕು ನಿಲ್ಲುವಷ್ಟಾದರೂ ಜಾಗವಿರಲಿ. ಸಮಾನಾಂತರವಾಗಿ ಹೋಗುತ್ತಾ ಕಾಲ ಕಳೆಯಬೇಡಿ. ಮೂತಿ ದಾಟುವ ಕ್ಷಣಕ್ಕೆ ಮೊದಲೇ ಗಾಳಿಬದಿಯ ಹಿಡಿಯ ಮೇಲೆ ಅಂಗೈ ಸಿದ್ಧವಾಗಿರಲಿ. ಲಾರಿಯ ಬೆನ್ನಿಗೆ ಅಂಟಿಕೊಂಡು ಹೋದರೆ ಗಾಳಿ ತಪ್ಪುತ್ತದೆ ಎಂದು ಕೆಲವರು ಅಲ್ಲೇ ಉಳಿಯುತ್ತಾರೆ. ಅಲ್ಲಿ ಗಾಳಿ ಸುಳಿಯಾಗಿ ತಿರುಗುತ್ತಿರುತ್ತದೆ, ಮುಂದಿನ ಗುಂಡಿ ಕಾಣುವುದಿಲ್ಲ, ಲಾರಿ ಬ್ರೇಕ್ ಹಾಕಿದರೆ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ.

ಡಿವೈಡರ್ ಇಲ್ಲದ ರಾಜ್ಯ ಹೆದ್ದಾರಿಗಳಲ್ಲಿ ಎದುರಿನಿಂದ ಬರುವ ಬಸ್ಸು ಮತ್ತು ಲಾರಿಗಳು ತಮ್ಮದೇ ಗಾಳಿಯನ್ನು ಹೊತ್ತು ತರುತ್ತವೆ. ಅದು ಮೊದಲು ನಿಮ್ಮನ್ನು ಎಡಕ್ಕೆ ತಳ್ಳಿ, ವಾಹನ ದಾಟಿದ ಕೂಡಲೇ ಬಲಕ್ಕೆ ಸೆಳೆಯುತ್ತದೆ. ಹಿಂದೆಯೇ ಇನ್ನೊಂದು ಬಸ್ಸು ಬರುತ್ತಿದ್ದರೆ ಆ ಸೆಳೆತವೇ ಅಪಾಯ.

ಲೇನಿನಲ್ಲಿ ಎಲ್ಲಿರಬೇಕು ಎಂಬ ಪ್ರಶ್ನೆಗೆ ಉತ್ತರವೂ ಇದೇ ತರ್ಕದಿಂದ ಬರುತ್ತದೆ. ಗಾಳಿ ಯಾವ ಕಡೆಗೆ ತಳ್ಳುತ್ತದೆಯೋ ಆ ಕಡೆ ಜಾಗ ಉಳಿಸಿಕೊಳ್ಳಬೇಕು. ಎಡಗಾಳಿಯಲ್ಲಿ ಲೇನಿನ ನಡುವಿಗಿಂತ ಸ್ವಲ್ಪ ಎಡಕ್ಕೆ, ಬಲಗಾಳಿಯಲ್ಲಿ ಸ್ವಲ್ಪ ಬಲಕ್ಕೆ. ಬಲಗಾಳಿಯಲ್ಲಿ ರಸ್ತೆಯ ಎಡ ಅಂಚಿನಲ್ಲೇ ಹೋಗುವ ನಮ್ಮ ರೂಢಿ ಕೆಟ್ಟದ್ದು. ಒಂದೇ ತಳ್ಳಿಗೆ ಜಲ್ಲಿ ತುಂಬಿದ ಮಣ್ಣಿನಂಚಿಗೆ ಇಳಿಯಬೇಕಾಗುತ್ತದೆ.

ಲಾರಿ ಮಾಡುವ ಕೆಲಸವನ್ನೇ ನೆಲವೂ ಕಟ್ಟಡಗಳೂ ಮಾಡುತ್ತವೆ. ಗುಡ್ಡ ಕಡಿದು ಮಾಡಿದ ರಸ್ತೆಯಿಂದ ಬಯಲಿಗೆ ಬೀಳುವ ಜಾಗ, ಹುಣಸೆ ಅಥವಾ ನೀಲಗಿರಿ ಸಾಲು ಮುಗಿಯುವ ಜಾಗ, ಊರು ಮುಗಿದು ಮೇಲ್ಸೇತುವೆ ಏರುವ ಜಾಗ, ಎರಡು ಗೋದಾಮುಗಳ ನಡುವಿನ ಸಂದು, ಟೋಲ್ ಕಟ್ಟೆಯ ಚಾವಣಿಯಿಂದ ಹೊರಬರುವ ಜಾಗ: ಇವೆಲ್ಲ ಗಾಳಿಯ ಬಾಗಿಲುಗಳು. ಅವುಗಳಿಗೆ ಐವತ್ತು ಮೀಟರ್ ಮುಂಚೆಯೇ ಆಕ್ಸಿಲರೇಟರ್ ಸಡಿಲಿಸಿ. ಮುಂದಿನ ಗಾಳಿಯನ್ನು ಕಣ್ಣಿನಿಂದ ಓದುವುದಕ್ಕೂ ಸಾಧ್ಯವಿದೆ. ಜೋಳದ ಹೊಲದ ಮೇಲೆ ಓಡುವ ಅಲೆ, ರಸ್ತೆ ದಾಟುವ ಪ್ಲಾಸ್ಟಿಕ್ ಚೀಲ, ಢಾಬಾದ ಮುಂದಿನ ಬಟ್ಟೆಯ ಬ್ಯಾನರು, ಮುಂದೆ ಹೋಗುತ್ತಿರುವ ಬೈಕಿನವನ ಅಂಗಿ, ಎಲ್ಲವೂ ಬರಲಿರುವುದನ್ನು ಎರಡು ಸೆಕೆಂಡು ಮೊದಲೇ ತಿಳಿಸುತ್ತವೆ.

ಸೇತುವೆ, ಘಟ್ಟ, ಹಿಂಗಾಳಿ

ಕರಾವಳಿಯ ಹೆದ್ದಾರಿ 66ರಲ್ಲಿ ಗಾಳಿಯ ಬಾಗಿಲುಗಳೆಂದರೆ ನದಿಗಳು. ತೆಂಗಿನ ತೋಟಗಳ ಮರೆಯಲ್ಲಿ ಸಾಗುತ್ತಿದ್ದ ರಸ್ತೆ ಹೊನ್ನಾವರದಲ್ಲಿ ಶರಾವತಿಯ ಮೇಲೆ, ಕಾರವಾರದಲ್ಲಿ ಕಾಳಿಯ ಮೇಲೆ ಏಕಾಏಕಿ ತೆರೆದುಕೊಳ್ಳುತ್ತದೆ. ಕಡಲು ಕೂಗಳತೆಯಲ್ಲಿದೆ, ನಡುವೆ ತಡೆಯಿಲ್ಲ. ಮಂಗಳೂರಿನಿಂದ ಉತ್ತರಕ್ಕೆ ಹೋಗುವವರಿಗೆ ಮುಂಗಾರಿನ ಗಾಳಿ ಎಡದಿಂದ ಬರುತ್ತದೆ. ಶರಾವತಿಯ ಹಿನ್ನೀರಿನಲ್ಲಿ 2025ರ ಜುಲೈನಲ್ಲಿ ಉದ್ಘಾಟನೆಯಾದ ಸಿಗಂದೂರು ಸೇತುವೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಿದ್ದು, ಅಷ್ಟು ದೂರವೂ ಎರಡೂ ಕಡೆ ಬರೀ ನೀರು. ಇಂಥ ಕಡೆ ಸೇತುವೆ ಹತ್ತುವ ಮೊದಲೇ ವೇಗ ಇಳಿಸಿ, ಹತ್ತಿದ ಮೇಲೆ ಯಾರನ್ನೂ ಹಿಂದೆ ಹಾಕದೆ, ಸೇತುವೆಯ ಜೋಡಣೆಗಳಲ್ಲಿರುವ ಕಬ್ಬಿಣದ ಪಟ್ಟಿಗಳನ್ನು ಬೈಕು ನೆಟ್ಟಗಿರುವಾಗಲೇ ದಾಟಬೇಕು. ಒದ್ದೆ ಕಬ್ಬಿಣದ ಮೇಲೆ ವಾಲಿದ ಟಯರಿಗೆ ಹಿಡಿತ ಸಿಗದು. ಫೋಟೋಗಾಗಿ ಸೇತುವೆಯ ನಡುವೆ ಬೈಕು ನಿಲ್ಲಿಸುವವರಿಗೆ ಹೇಳುವುದೇನೂ ಇಲ್ಲ.

ಘಟ್ಟಗಳಲ್ಲಿ ದಟ್ಟ ಕಾಡು ಗಾಳಿಯನ್ನು ತಡೆಯುತ್ತದೆಯಾದ್ದರಿಂದ ಚಾರ್ಮಾಡಿ, ಆಗುಂಬೆಗಳಲ್ಲಿ ಗಾಳಿಗಿಂತ ಅದು ಕೆಡವಿದ ರೆಂಬೆ ಮತ್ತು ಒದ್ದೆ ಎಲೆಗಳೇ ಹೆಚ್ಚು ಕಾಟ ಕೊಡುತ್ತವೆ. ಆದರೆ 1930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ, ಬಾಬಾಬುಡನ್‌ಗಿರಿಯ ಕಡೆಗೆ ಹೋಗುವ ರಸ್ತೆಗಳು ಬೋಳು ಹುಲ್ಲುಗುಡ್ಡದ ಏಣಿನ ಮೇಲೆ ಹಾಯುತ್ತವೆ. ಅಲ್ಲೊಂದು ಕೆರೆಗೆ ಗಾಳಿಕೆರೆ ಎಂದೇ ಹೆಸರಿದೆ. ನಮ್ಮ ಹಿರಿಯರು ಎಚ್ಚರಿಕೆಯ ಫಲಕವನ್ನು ಹೆಸರಿನಲ್ಲೇ ನೆಟ್ಟುಹೋಗಿದ್ದಾರೆ. ಇಂಥ ರಸ್ತೆಯ ಪ್ರತಿ ತಿರುವಿನಲ್ಲೂ ಗಾಳಿ ಬರುವ ಬದಿ ಬದಲಾಗುತ್ತದೆ. ತಿರುವಿನ ಒಳಗೆ ಹೋದ ಮೇಲೆ ವೇಗ ಇಳಿಸುವ ಹಾಗಾಗಬಾರದು, ಒಳಗೆ ಹೋಗುವ ಮೊದಲೇ ಇಳಿಸಿರಬೇಕು.

ಎದುರುಗಾಳಿ ಪೆಟ್ರೋಲನ್ನೂ ಕುತ್ತಿಗೆಯನ್ನೂ ತಿನ್ನುತ್ತದೆ, ಅದಕ್ಕಿಂತ ಹೆಚ್ಚಿನ ತೊಂದರೆ ಕೊಡುವುದು ಕಡಿಮೆ. ಹಿಂಗಾಳಿ ಮಾತ್ರ ಮೋಸಗಾರ. ಕಿವಿಗೆ ಸದ್ದಿಲ್ಲ, ಎದೆಗೆ ಒತ್ತಡವಿಲ್ಲ, 60 ಎಂದುಕೊಂಡದ್ದು ಮೀಟರಿನಲ್ಲಿ 80 ತೋರಿಸುತ್ತಿರುತ್ತದೆ, ಬ್ರೇಕ್ ಹಾಕಿದಾಗ ಎಂದಿಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಆಗ ಕಣ್ಣು ಆಗಾಗ ಮೀಟರಿನ ಮೇಲೆ ಹೋಗಲಿ.

ನಿಲ್ಲುವುದು ಮತ್ತು ನಿಲ್ಲಿಸುವುದು

ಬೇಸಿಗೆಯ ಗುಡುಗುಮೋಡದ ಗಾಳಿಯನ್ನು ಓಡಿಸಿ ಗೆಲ್ಲುವ ಮಾತಿಲ್ಲ, ಅದಕ್ಕೆ ನಿಲ್ಲುವುದೊಂದೇ ದಾರಿ. ಹವಾಮಾನ ಇಲಾಖೆಯ ವ್ಯಾಖ್ಯೆಯಂತೆ ಸ್ಕ್ವಾಲ್ ಎಂದರೆ ಗಾಳಿಯ ವೇಗ ಥಟ್ಟನೆ ಗಂಟೆಗೆ 29 ಕಿಲೋಮೀಟರಿನಷ್ಟಾದರೂ ಏರಿ, 40 ದಾಟಿ, ಕನಿಷ್ಠ ಒಂದು ನಿಮಿಷ ಹಾಗೇ ಇರುವುದು. ಅದು ಮಳೆಗಿಂತ ಮುಂಚೆ ಬರುತ್ತದೆ. ಮುಂದೆ ಕಪ್ಪು ಮೋಡದ ಬುಡದಲ್ಲಿ ಕೆಂಧೂಳಿನ ಗೋಡೆ ಎದ್ದಿದ್ದರೆ, ಸೆಕೆಯ ನಡುವೆ ಇದ್ದಕ್ಕಿದ್ದಂತೆ ತಣ್ಣನೆಯ ಗಾಳಿ ಸುಳಿದರೆ, ಮಳೆಯಿಲ್ಲದೆಯೇ ಹಸಿಮಣ್ಣಿನ ವಾಸನೆ ಬಂದರೆ ನಿಮ್ಮ ಬಳಿ ಕೆಲವೇ ನಿಮಿಷಗಳಿವೆ. ಇನ್ನೈದು ಕಿಲೋಮೀಟರಿಗೆ ಊರು ಬರುತ್ತದೆ ಎಂಬ ಆಸೆ ಬಿಟ್ಟು ಹತ್ತಿರದ ಗಟ್ಟಿ ಕಟ್ಟಡಕ್ಕೆ ಸೇರಿಕೊಳ್ಳಿ. ಇಟ್ಟಿಗೆ ಗೋಡೆಯ ಢಾಬಾ, ಶಾಲೆಯ ಜಗಲಿ, ಕಾಂಕ್ರೀಟಿನ ಬಸ್ ತಂಗುದಾಣ ಆಗಬಹುದು. ಮರದ ಕೆಳಗೆ, ಜಾಹೀರಾತು ಫಲಕದ ಪಕ್ಕ, ತಗಡಿನ ಶೆಡ್ಡಿನಲ್ಲಿ, ವಿದ್ಯುತ್ ತಂತಿಯ ಅಡಿಯಲ್ಲಿ ಬೇಡ. ಮೇಲ್ಸೇತುವೆಯ ಕೆಳಗೆ ಲೇನನ್ನೇ ಆಕ್ರಮಿಸಿ ಗುಂಪಾಗಿ ನಿಲ್ಲುವ ಬೆಂಗಳೂರಿನ ಪದ್ಧತಿ ಗಾಳಿಯಿಂದ ಕಾಪಾಡುತ್ತದೆ, ಆದರೆ ಹಿಂದಿನಿಂದ ಬರುವ ಕಾರಿನಿಂದ ಕಾಪಾಡುವುದಿಲ್ಲ.

ನಿಂತ ಮೇಲೂ ಬೈಕನ್ನು ಗಾಳಿ ಬಿಡುವುದಿಲ್ಲ. ಸೈಡ್ ಸ್ಟ್ಯಾಂಡ್ ಎಡಕ್ಕಿರುವುದರಿಂದ ಬೈಕು ಎಡಕ್ಕೆ ವಾಲಿ ನಿಲ್ಲುತ್ತದೆ. ಗಾಳಿ ಎಡದಿಂದ ಬಂದರೆ ಅದನ್ನು ಎತ್ತಿ ನೆಟ್ಟಗೆ ಮಾಡಿ ಬಲಕ್ಕೆ ಕೆಡವುತ್ತದೆ. ಬಲದಿಂದ ಬಂದರೆ ಸ್ಟ್ಯಾಂಡಿನ ಮೇಲೆ ಇನ್ನಷ್ಟು ಒತ್ತಿ ನಿಲ್ಲಿಸುತ್ತದೆ. ಆದ್ದರಿಂದ ಬೈಕಿನ ಬಲಮಗ್ಗುಲು ಗಾಳಿಗೆ ಮುಖಮಾಡಿರುವಂತೆ, ಗಟ್ಟಿ ನೆಲದ ಮೇಲೆ, ಮೊದಲ ಗೇರಿನಲ್ಲಿ ನಿಲ್ಲಿಸಬೇಕು. ಸೆಂಟರ್ ಸ್ಟ್ಯಾಂಡ್ ಹೆಚ್ಚು ಭದ್ರವೆಂದು ತೋರಿದರೂ ಅಡ್ಡಗಾಳಿಗೆ ಅದರ ಮೇಲೆ ನಿಂತ ಬೈಕು ಎತ್ತರದ ಹಲಗೆಯಂತೆ ಮಗುಚಬಲ್ಲದು. ಗೇರಿಲ್ಲದ ಸ್ಕೂಟರನ್ನು ಗೋಡೆಯ ಮರೆಗೆ ತಂದು, ಬ್ರೇಕ್ ಲಾಕ್ ಇದ್ದರೆ ಹಾಕಿಡಿ. ಸಿರಾ ದಾಟಿದ ಮೇಲಿನ ಒಂದು ಢಾಬಾದಲ್ಲಿ ಚಹಾ ಕುಡಿಯುತ್ತಿದ್ದಾಗ, ಎಡಮಗ್ಗುಲನ್ನು ಗಾಳಿಗೆ ಒಡ್ಡಿ ನಿಲ್ಲಿಸಿದ್ದ ನನ್ನ ಬೈಕು ಪಕ್ಕದ ಎರಡು ಬೈಕುಗಳನ್ನೂ ಸೇರಿಸಿಕೊಂಡು ಮಲಗಿತು. ಬ್ರೇಕ್ ಹಿಡಿ ಬಾಗಿತ್ತು, ಒಂದು ಕನ್ನಡಿ ಹೋಗಿತ್ತು, ಚಹಾ ಆರಿತ್ತು.

ಗಾಳಿ ಇಳಿದ ಮೇಲೆ ಹೊರಡುವಾಗ ಮೊದಲ ಕೆಲವು ಕಿಲೋಮೀಟರ್ ನಿಧಾನವಾಗಿಯೇ ಇರಲಿ. ರಸ್ತೆಯಲ್ಲಿ ಮುರಿದ ಕೊಂಬೆಗಳು, ಹಾರಿಬಂದ ತಗಡು, ಬ್ಯಾನರಿನ ಚೌಕಟ್ಟು ಇರಬಹುದು. ತಂತಿ ಕಡಿದು ಬಿದ್ದಿದ್ದರೆ ಅದರಲ್ಲಿ ವಿದ್ಯುತ್ ಇದೆ ಎಂದೇ ತಿಳಿದು, ಹತ್ತಿರ ಹೋಗದೆ, ಅದರ ಮೇಲೆ ಬೈಕು ಹತ್ತಿಸದೆ, ಬಂದ ದಾರಿಯಲ್ಲೇ ಹಿಂದಕ್ಕೆ ಸರಿದು, ಎರಡೂ ಕಡೆಯಿಂದ ಬರುವ ವಾಹನಗಳಿಗೆ ಕೈ ತೋರಿಸಿ ನಿಲ್ಲಿಸಿ ವಿದ್ಯುತ್ ಕಚೇರಿಗೆ ತಿಳಿಸಬೇಕು.